ಆರು ಪದರ, ಒಂದೇ ಹೂವು: ಕೆಲಿಡೋಸ್ಕೋಪ್ ಕ್ವಿಲ್ಟ್ ಕಲಿಕೆಯ ಕಿಟ್ ಎಷ್ಟು ಉಪಯೋಗಕ್ಕೆ ಬರುತ್ತದೆ?

ಕ್ವಿಲ್ಟ್ ಎಂದರೆ ನಮ್ಮ ಕೌದಿಯಂಥ, ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ. ಒಂದೇ ಚಿತ್ತಾರದ ಆರು ತುಂಡುಗಳನ್ನು ಸುತ್ತ ಸೇರಿಸಿ ಹೂವಿನಂಥ ವಿನ್ಯಾಸ ಬರಿಸಿದರೆ ಅದು ಕೆಲಿಡೋಸ್ಕೋಪ್ ಕ್ವಿಲ್ಟ್. ಅದನ್ನು ಕಲಿಯಹೊರಟವರಿಗೆಂದು ಮಾರುವ ಕಿಟ್‌ಗಳಲ್ಲಿ ಹೆಚ್ಚೂಕಡಿಮೆ ಇವೇ ಸಾಮಾನುಗಳು ಇರುತ್ತವೆ: 60 ಡಿಗ್ರಿಯ ಅಕ್ರಿಲಿಕ್ ತ್ರಿಕೋನ ಸ್ಕೇಲು, 45 ಮಿ.ಮೀ. ದುಂಡು ಬ್ಲೇಡು ಉರುಳುತ್ತ ಕತ್ತರಿಸುವ ರೋಟರಿ ಕಟರ್, ಎ3 ಅಳತೆಯ ಕಟಿಂಗ್ ಮ್ಯಾಟ್, ಚಪ್ಪಟೆ ಹೂತಲೆಯ ಒಂದು ಡಜನ್ ಪಿನ್ನು, ಪುಸ್ತಕದ ಹಾಗೆ ತೆರೆಯುವ ಜೋಡಿ ಕನ್ನಡಿ, ದೊಡ್ಡ ಹೂವಿನ ಪ್ರಿಂಟಿರುವ ಹತ್ತಿ ಬಟ್ಟೆ, ಮತ್ತೊಂದು ಸೂಚನೆಯ ಹಾಳೆ. ಪೆಟ್ಟಿಗೆ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಸ್ಕೇಲು. ಸೂಚನೆಯ ಹಾಳೆಯಲ್ಲೂ ಅದಕ್ಕೇ ಹೆಚ್ಚು ಜಾಗ. ಆದರೆ ಈ ಕ್ವಿಲ್ಟಿನ ಹಣೆಬರಹ ಬ್ಲೇಡು ಬಟ್ಟೆಗೆ ತಾಗುವ ಮೊದಲೇ ಬರೆದಾಗಿರುತ್ತದೆ. ಬಟ್ಟೆ ಯಾವುದು, ಆರು ಪದರಗಳು ಎಷ್ಟು ಕರಾರುವಾಕ್ಕಾಗಿ ಒಂದರ ಮೇಲೊಂದು ಕೂತಿವೆ ಎಂಬ ಎರಡೇ ಪ್ರಶ್ನೆಗಳ ಮೇಲೆ ಎಲ್ಲವೂ ನಿಂತಿದೆ. ಆ ದೃಷ್ಟಿಯಿಂದ ನೋಡಿದರೆ ಪೆಟ್ಟಿಗೆಯಲ್ಲಿ ಅತಿ ಮುಖ್ಯವಾದದ್ದು ಪಿನ್ನು. ಕಡಿಮೆ ಕೊಟ್ಟಿರುವುದೂ ಅದನ್ನೇ.

ವಿಧಾನ ಹೀಗಿದೆ. ಪ್ರಿಂಟ್ ಬಟ್ಟೆಯಲ್ಲಿ ಒಂದೇ ಚಿತ್ತಾರ ನಿಗದಿತ ದೂರಕ್ಕೊಮ್ಮೆ ಮರುಕಳಿಸುತ್ತದೆ. ಅದಕ್ಕೆ ರಿಪೀಟ್ ಎನ್ನುತ್ತಾರೆ. ಅಂಥ ಆರು ರಿಪೀಟ್‌ಗಳನ್ನು ಕತ್ತರಿಸಿ, ಹೂವಿನ ಮೇಲೆ ಹೂವು, ಎಲೆಯ ತುದಿಯ ಮೇಲೆ ಎಲೆಯ ತುದಿ ಬರುವಂತೆ ಅಟ್ಟಿ ಮಾಡಿ, ಅಟ್ಟಿಯನ್ನು ಪಟ್ಟಿಗಳಾಗಿಯೂ ಪಟ್ಟಿಗಳನ್ನು 60 ಡಿಗ್ರಿಯ ತ್ರಿಕೋನಗಳಾಗಿಯೂ ಕತ್ತರಿಸಿದರೆ, ಪ್ರತಿ ಸಲವೂ ಕೈಗೆ ಬರುವುದು ಒಂದೇ ಪಡಿಯಚ್ಚಿನ ಆರು ತ್ರಿಕೋನ. ಆರನ್ನೂ ಒಂದೇ ಮೂಲೆ ನಡುವಿಗೆ ಬರುವಂತೆ ಸುತ್ತ ಜೋಡಿಸಿದರೆ ಷಡ್ಭುಜ. ಬಟ್ಟೆಯಲ್ಲಿ ಸಾಮಾನ್ಯ ದಾಸವಾಳವಾಗಿದ್ದದ್ದು ಇಲ್ಲಿ ನಕ್ಷತ್ರವೋ ಸುಳಿಯೋ ಉಂಗುರವೋ ಆಗಿರುತ್ತದೆ. ಯಾವುದಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಈ ಕೆಲಸದ ಸೆಳೆತ ಇರುವುದೇ ಅಲ್ಲಿ.

ಕನ್ನಡಿಯ ವಿಷಯ ಮೊದಲು ಹೇಳಿಬಿಡಬೇಕು, ಏಕೆಂದರೆ ಕಲಿಯುವವರನ್ನು ಮೊದಲು ದಾರಿ ತಪ್ಪಿಸುವುದು ಅದೇ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1816ರಲ್ಲಿ ರೂಪಿಸಿದ ಕೆಲಿಡೋಸ್ಕೋಪಿನ (ಒಳಗಿನ ಕನ್ನಡಿಗಳಲ್ಲಿ ಚಿತ್ತಾರ ತೋರಿಸುವ ಕೊಳವೆ) ತತ್ವವೇ ಈ ಜೋಡಿ ಕನ್ನಡಿಯದೂ. 60 ಡಿಗ್ರಿಗೆ ತೆರೆದು ಬಟ್ಟೆಯ ಮೇಲೆ ನಿಲ್ಲಿಸಿದರೆ ಆರು ಹೋಳುಗಳ ವೃತ್ತ ಕಾಣುತ್ತದೆ. ಆದರೆ ಕನ್ನಡಿಯಲ್ಲಿ ಒಂದು ಬಿಟ್ಟು ಒಂದು ಹೋಳು ಎಡಬಲ ತಿರುಗಿರುತ್ತದೆ. ಹಾಗಾಗಿ ಪಕ್ಕದ ಹೋಳುಗಳ ಅಂಚು ಯಾವಾಗಲೂ ಕೂಡಿಕೊಳ್ಳುತ್ತದೆ. ಅಟ್ಟಿಯಿಂದ ಕತ್ತರಿಸಿದ ಆರು ತ್ರಿಕೋನಗಳಲ್ಲಿ ತಿರುಗಿದ್ದು ಒಂದೂ ಇಲ್ಲ, ಎಲ್ಲವೂ ಒಂದೇ ಮುಖದವು. ಒಂದರ ಬಲ ಅಂಚು ಇನ್ನೊಂದರ ಎಡ ಅಂಚಿಗೆ ಸೇರುತ್ತದೆ. ಎರಡು ಅಂಚಿನಲ್ಲಿರುವ ಚಿತ್ರ ಬೇರೆ ಬೇರೆಯಾದ್ದರಿಂದ ಬಳ್ಳಿ ಹೊಲಿಗೆಯ ಹತ್ತಿರ ತುಂಡಾಗುತ್ತದೆ, ಷಡ್ಭುಜಕ್ಕೆ ಗಿರಗಿಟ್ಟಲೆಯಂತೆ ಒಂದು ದಿಕ್ಕಿಗೆ ತಿರುಗುವ ಗುಣ ಬರುತ್ತದೆ. ಕನ್ನಡಿಯಲ್ಲಿ ಕಂಡ ಅಚ್ಚುಕಟ್ಟಾದ ಹೂವು ಬರಲಿಲ್ಲವೆಂದು ಹೊಲಿಗೆ ಬಿಚ್ಚುವವರಿದ್ದಾರೆ. ಹೊಲಿಗೆಯಲ್ಲಿ ತಪ್ಪೇನೂ ಇರುವುದಿಲ್ಲ. ಚಿತ್ತಾರವೇ ಎಡಬಲ ಸಮನಾಗಿದ್ದು, ತ್ರಿಕೋನದ ನಡುಗೆರೆ ಅದರ ನಡುಗೆರೆಯ ಮೇಲೆಯೇ ಬಿದ್ದರೆ ಮಾತ್ರ ಕನ್ನಡಿಯ ಹೂವು ಬಟ್ಟೆಯಲ್ಲೂ ಬರುತ್ತದೆ. ಅದು ಒಂದೊಂದೇ ತುಂಡನ್ನು ಗುರುತಿಟ್ಟು ಕತ್ತರಿಸುವ ಬೇರೆಯೇ ಕೆಲಸ.

ಬಣ್ಣಗಳು ಒಟ್ಟಿಗೆ ಸೇರಿದಾಗ ಹೇಗೆ ಕಾಣುತ್ತವೆ, ಖಾಲಿ ಜಾಗ ಎಷ್ಟು ಬರುತ್ತದೆ ಎಂಬ ಅಂದಾಜಿಗೆ ಕನ್ನಡಿ ಸಾಕು. ನಿಜವಾದ ಷಡ್ಭುಜವನ್ನೇ ಮೊದಲು ನೋಡಬೇಕೆಂದರೆ ಬಟ್ಟೆಯ ಒಂದು ಫೋಟೊವನ್ನು ಆರು ಪ್ರತಿ ಮುದ್ರಿಸಿ, ಆರರಲ್ಲೂ ಒಂದೇ ಜಾಗದಿಂದ ತ್ರಿಕೋನ ಕತ್ತರಿಸಿ ಸುತ್ತ ಜೋಡಿಸಿ ನೋಡಬೇಕು. ಹತ್ತು ನಿಮಿಷದ ಈ ಕೆಲಸ ಯಾವ ಕನ್ನಡಿಗಿಂತಲೂ ಸರಿಯಾದ ಉತ್ತರ ಕೊಡುತ್ತದೆ.

ಇನ್ನು ಬಟ್ಟೆ. ಕಿಟ್‌ನ ಬಟ್ಟೆ ಎರಡು ರೀತಿ ಬರುತ್ತದೆ: ಉದ್ದಕ್ಕೆ ಒಂದೇ ತುಂಡಾಗಿ, ಅಥವಾ ಮೊದಲೇ ಆರು ತುಂಡಾಗಿ ಕತ್ತರಿಸಿ. ಎರಡನೆಯದು ಸುಲಭವೆಂದು ತೋರಿದರೂ ಮೊದಲನೆಯದನ್ನೇ ಆರಿಸಿಕೊಳ್ಳಿ. ಅಳತೆಪಟ್ಟಿ ಹಿಡಿದು 24 ಇಂಚಿಗೊಂದರಂತೆ ಕತ್ತರಿಸಿದ ತುಂಡುಗಳಲ್ಲಿ ಚಿತ್ತಾರ ಒಂದೇ ಜಾಗದಲ್ಲಿ ಇದ್ದೇ ಇರುತ್ತದೆ ಎಂದು ನಂಬುವಂತಿಲ್ಲ. ನೇಯ್ಗೆ, ಪ್ರಿಂಟ್, ಒಣಗಿಸುವಿಕೆ ಎಲ್ಲದರಲ್ಲೂ ಬಟ್ಟೆ ಎಳೆಯಲ್ಪಡುವುದರಿಂದ ಒಂದೇ ಥಾನಿನಲ್ಲಿ ಒಂದು ರಿಪೀಟ್ ಇನ್ನೊಂದಕ್ಕಿಂತ ಒಂದು ನೂಲು ಉದ್ದವಾಗಿಯೋ ಗಿಡ್ಡವಾಗಿಯೋ ಇರಬಹುದು. ತುಂಡುಗಳ ಅಂಚಿನಲ್ಲಿ ಹೆಚ್ಚುವರಿ ಬಟ್ಟೆ ಬಿಟ್ಟಿರದಿದ್ದರೆ ಸರಿಪಡಿಸಲು ಜಾಗವೇ ಉಳಿಯುವುದಿಲ್ಲ. ಹಾಗೆ ಬಂದಿದ್ದರೆ ಆರು ತುಂಡುಗಳ ಮೇಲಿನ ಎಡಮೂಲೆಯಲ್ಲಿ ಏನು ಚಿತ್ರವಿದೆ ಎಂದು ಹೋಲಿಸಿ ನೋಡಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಪಟ್ಟಿಯ ಬಟ್ಟೆಯೇ ನಷ್ಟವಾಗಬಹುದು.

ರಿಪೀಟಿನ ಉದ್ದ ಮನಬಂದಂತೆ ಇರುವುದಿಲ್ಲ. ರೋಟರಿ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಬಣ್ಣ ಹಾಕುವ ಸಿಲಿಂಡರಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಇರುತ್ತದೆ. ಚಿತ್ತಾರ ಒಂದು ಸುತ್ತಿಗೆ ಒಂದು, ಎರಡು, ಮೂರು ಅಥವಾ ನಾಲ್ಕು ಬಾರಿ ಬರುತ್ತದೆ. ಅದಕ್ಕೇ ದೊಡ್ಡ ಪ್ರಿಂಟುಗಳ ರಿಪೀಟ್ 24ರಿಂದ 25 ಇಂಚು, ಮಧ್ಯಮದ್ದು ಅದರ ಅರ್ಧ. 24 ಇಂಚಿನ ಆರು ರಿಪೀಟ್ ಎಂದರೆ 144 ಇಂಚು, ನಾಲ್ಕು ಗಜ, ಸುಮಾರು 3.66 ಮೀಟರ್. ಅಂಗಡಿಯವರು ಎಲ್ಲಿಂದ ಕತ್ತರಿಸುತ್ತಾರೋ ಗೊತ್ತಿಲ್ಲದ್ದರಿಂದ ಕಾಲು ಗಜವಾದರೂ ಹೆಚ್ಚು ಬೇಕು. ರಿಪೀಟ್ 12 ಇಂಚಿನದ್ದಾದರೆ ಎರಡೆರಡು ರಿಪೀಟ್ ಸೇರಿಸಿ 24 ಇಂಚಿನ ತುಂಡು ಮಾಡಿಕೊಳ್ಳುವುದು ಲೇಸು. ಒಂದೇ ಚಿತ್ರ ಎರಡೆರಡು ಸಲ ಬರುತ್ತದೆಂಬ ಭಯ ಬೇಡ. 3¾ ಇಂಚಿನ ಮೂರು ಪಟ್ಟಿ ಕತ್ತರಿಸಿದಾಗ ಮುಗಿಯುವುದು 11¼ ಇಂಚು. ನಾಲ್ಕನೆಯ ಪಟ್ಟಿ ಎರಡನೆಯ ರಿಪೀಟಿಗಿಂತ ಮುಕ್ಕಾಲು ಇಂಚು ಹಿಂದೆಯೇ ಶುರುವಾಗುವುದರಿಂದ ತ್ರಿಕೋನಗಳಲ್ಲಿ ಬೇರೆ ಚಿತ್ರವೇ ಬೀಳುತ್ತದೆ.

ಎಂಥ ಪ್ರಿಂಟ್ ಬೇಕು? ಹೂವುಗಳು ಅಂಗೈಯಷ್ಟಾದರೂ ಅಗಲವಿರಬೇಕು, ಬೇರೆ ಬೇರೆ ದಿಕ್ಕಿಗೆ ವಾಲಿರಬೇಕು, ನಾಲ್ಕೈದು ಬಣ್ಣ ಇರಬೇಕು, ಅವುಗಳಲ್ಲಿ ತಿಳಿ ಮತ್ತು ಗಾಢದ ಅಂತರ ಎದ್ದು ಕಾಣಬೇಕು. ಹಿನ್ನೆಲೆ ಬಣ್ಣ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕಿಟ್ ತಯಾರಿಸುವವರು ಎಡವುವುದು ಇಲ್ಲಿ. ದೂರದಿಂದ ನೋಡಲು ಚೆಂದವಿರುವ, ಬಿಳಿ ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲಿರುವ ಬಟ್ಟೆ ಕೊಡುತ್ತಾರೆ. ಅದರಿಂದ ಬರುವ ಷಡ್ಭುಜಗಳಲ್ಲಿ ಬಹಳಷ್ಟು ಬರೀ ಬಿಳಿ. ಚಿಕ್ಕ ಚಿಕ್ಕ ಹೂವಿನ ಪ್ರಿಂಟೂ ಆಗಲಾರದು. ಯಾವ ತ್ರಿಕೋನ ಕತ್ತರಿಸಿದರೂ ಒಂದೇ ತರಹ. ಪರೀಕ್ಷಿಸಲು ಒಂದು ರಟ್ಟಿನಲ್ಲಿ 3 ಇಂಚು ಎತ್ತರದ ತ್ರಿಕೋನ ಕಿಂಡಿ ಕತ್ತರಿಸಿ, ಕಣ್ಣು ಮುಚ್ಚಿ ಬಟ್ಟೆಯ ಹತ್ತು ಕಡೆ ಇಟ್ಟು ನೋಡಿ. ಮೂರಕ್ಕಿಂತ ಹೆಚ್ಚು ಕಡೆ ಕಿಂಡಿಯಲ್ಲಿ ಒಂದೇ ಬಣ್ಣ ಕಂಡರೆ ಆ ಬಟ್ಟೆ ಬೇರೆ ಕೆಲಸಕ್ಕಿರಲಿ. ಇನ್ನೊಂದು ಮಾತು: ಬಟ್ಟೆಯಾಗಿ ಅಷ್ಟೇನೂ ಸುಂದರವಲ್ಲದ, ಗಿಜಿಗಿಜಿ ಎನಿಸುವ ಪ್ರಿಂಟುಗಳೇ ಈ ಕ್ವಿಲ್ಟಿನಲ್ಲಿ ಅತ್ಯುತ್ತಮವಾಗಿ ಅರಳುತ್ತವೆ.

ಬಟ್ಟೆಯನ್ನು ಮೊದಲೇ ಒಗೆಯಬೇಡಿ. ಒಗೆದಾಗ ಹಾಸು ಹೊಕ್ಕು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಆರು ರಿಪೀಟ್‌ಗಳ ಆಕಾರ ಆರು ತರಹ ಆಗುತ್ತದೆ. ಬಣ್ಣ ಬಿಡುವ ಅನುಮಾನವಿದ್ದರೆ ಒಂದು ಮೂಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿದರೆ ಸಾಕು. ಗಂಜಿ ಮಾತ್ರ ಹಾಕಲೇಬೇಕು, ಅದೂ ಕತ್ತರಿಸುವ ಮೊದಲು, ಇಡೀ ಬಟ್ಟೆಗೆ ಒಂದೇ ಸಮನಾಗಿ. ಸ್ಪ್ರೇ ಗಂಜಿ ಹಾಕಿ ಒಂದು ನಿಮಿಷ ಹೀರಲು ಬಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಬೇಕು. ಇದು ಏಕೆ ಬೇಕೆಂದರೆ, ಅಡ್ಡಪಟ್ಟಿಯಿಂದ ಕತ್ತರಿಸಿದ 60 ಡಿಗ್ರಿ ತ್ರಿಕೋನದಲ್ಲಿ ಒಂದೇ ಅಂಚು ಹೊಕ್ಕಿನ ಎಳೆಗುಂಟ ಇರುತ್ತದೆ, ಉಳಿದ ಎರಡೂ ಓರೆ. ದರ್ಜಿಗಳು ಕ್ರಾಸ್ ಎನ್ನುವ ಆ ಅಂಚು ಮುಟ್ಟಿದರೆ ಸಾಕು, ಹಿಗ್ಗುತ್ತದೆ. ಕಿಟ್‌ಗಳ ಸೂಚನೆಯಲ್ಲಿ ಗಂಜಿಯ ಪ್ರಸ್ತಾಪವೇ ಇಲ್ಲದಿರುವುದು ದೊಡ್ಡ ಕೊರತೆ.

ರಿಪೀಟ್ ಗುರುತಿಸಲು ಸೆಲ್ವೇಜ್, ಅಂದರೆ ಬಟ್ಟೆಯ ಉದ್ದಕ್ಕೂ ಬರುವ ಗಟ್ಟಿ ನೇಯ್ಗೆಯ ಅಂಚು, ಸಹಾಯಕ್ಕೆ ಬರುತ್ತದೆ. ಆದ್ದರಿಂದ ಅದನ್ನು ಮೊದಲೇ ಕತ್ತರಿಸಿ ಎಸೆಯಬಾರದು. ಅಂಚಿನ ಪಕ್ಕದಲ್ಲೇ ಒಂದು ಖಚಿತವಾದ ಬಿಂದು ಆರಿಸಿ, ಅದೇ ಬಿಂದು ಮತ್ತೆ ಬರುವವರೆಗೆ ಸಾಗಿ. ಮೋಸ ಹೋಗುವುದು ಇಲ್ಲೇ: ಕಲಾವಿದರು ಒಂದೇ ರಿಪೀಟಿನೊಳಗೆ ಒಂದೇ ಹೂವನ್ನು ತುಸು ತಿರುಗಿಸಿ ಎರಡು ಸಲ ಬರೆದಿರುತ್ತಾರೆ. ಹೂವು ಒಂದೇ, ಪಕ್ಕದ ಎಲೆ ಬೇರೆ. ಹಾಗಾಗಿ ಪರಸ್ಪರ ಗೇಣುದೂರದ ಎರಡು ಬಿಂದುಗಳಾದರೂ ಹೊಂದಿದ ಮೇಲೆಯೇ ರಿಪೀಟ್ ಎಂದು ಒಪ್ಪಬೇಕು. ಮೊದಲ ತುಂಡು ಕತ್ತರಿಸಿ, ಅದನ್ನೇ ಉಳಿದ ಬಟ್ಟೆಯ ಮೇಲೆ ಹಾಸಿ ಚಿತ್ರಕ್ಕೆ ಚಿತ್ರ ಹೊಂದಿಸಿ, ಸುತ್ತ ಅರ್ಧ ಇಂಚು ಹೆಚ್ಚು ಬಿಟ್ಟು ಎರಡನೆಯದನ್ನು ಕತ್ತರಿಸಿ. ಆರೂ ಹೀಗೆಯೇ. ಅಳತೆಪಟ್ಟಿಗೆ ಇಲ್ಲಿ ಕೆಲಸವಿಲ್ಲ.

ಅಟ್ಟಿ ಮಾಡುವ ಕ್ರಮದ ಬಗ್ಗೆ ಸೂಚನೆಯ ಹಾಳೆಯಲ್ಲಿ ಇರುವುದು ಎರಡೇ ಸಾಲು, ಆದರೆ ಇಡೀ ಕ್ವಿಲ್ಟಿನಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ. ಆರೂ ತುಂಡುಗಳ ಒಳ್ಳೆಯ ಮುಖ ಮೇಲಿರಲಿ. ಒಂದು ಹಾಸಿ, ಇಸ್ತ್ರಿ ಒತ್ತಿ, ಅದರ ಮೇಲೆ ಇನ್ನೊಂದನ್ನು ಕಣ್ಣಂದಾಜಿನಲ್ಲಿ ಹೊಂದಿಸಿ ಮತ್ತೆ ಒತ್ತಿ. ಹತ್ತಿಗೆ ಹತ್ತಿ ಸ್ವಲ್ಪ ಮಟ್ಟಿಗೆ ಅಂಟಿಕೊಳ್ಳುತ್ತದೆ. ಆರೂ ಆದ ಮೇಲೆ ಪಿನ್ನು. ಎಲೆಯ ಚೂಪು ತುದಿ, ಕೇಸರದ ಚುಕ್ಕೆ ಇಂಥ ನಿಖರವಾದ ಬಿಂದು ಆರಿಸಿ, ಮೇಲಿನ ಪದರದಲ್ಲಿ ಪಿನ್ನು ಚುಚ್ಚಿ, ಪದರ ಎತ್ತಿ, ಎರಡನೆಯದರಲ್ಲೂ ಅದೇ ತುದಿಗೆ ಚುಚ್ಚಿ, ಹೀಗೆ ಆರಕ್ಕೂ. ಪಿನ್ನಿನ ಚಪ್ಪಟೆ ತಲೆ ಬಟ್ಟೆಗೆ ತಾಗುವವರೆಗೆ ತಳ್ಳಿ, ಪಿನ್ನು ಕಂಬದಂತೆ ನೆಟ್ಟಗೆ ನಿಂತಿರುವಾಗಲೇ ಅದರ ಪಕ್ಕದಲ್ಲಿ ಇನ್ನೊಂದು ಪಿನ್ನನ್ನು ಅಡ್ಡಲಾಗಿ ಒಳಗೆ ಹೊರಗೆ ಹಾಯಿಸಿ ಭದ್ರಪಡಿಸಿ. ಮೊದಲ ಪಿನ್ನನ್ನೇ ವಾಲಿಸಿ ಚುಚ್ಚಿಬಿಟ್ಟರೆ ಹೊಂದಿಸಿದ್ದೆಲ್ಲ ವ್ಯರ್ಥ. ವಾಲಿದ ಪಿನ್ನು ಮೇಲಿನ ಪದರವನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ.

ಒಂದೇ ಸಲಕ್ಕೆ ಇಡೀ ಅಟ್ಟಿಗೆ ಪಿನ್ನು ಮಾಡುವುದಕ್ಕಿಂತ, ಈಗ ಕತ್ತರಿಸಲಿರುವ ಪಟ್ಟಿಗಷ್ಟೇ ಆರು ಇಂಚಿಗೊಂದು ಬಿಂದು ಹೊಂದಿಸಿ, ಕತ್ತರಿಸಿದ ಮೇಲೆ ಮುಂದಿನ ಪಟ್ಟಿಗೆ ಮತ್ತೆ ಹೊಂದಿಸುವುದು ನನ್ನ ಮಟ್ಟಿಗೆ ಉತ್ತಮ. 40 ಇಂಚಿನ ಪಟ್ಟಿಗೆ ಏಳೆಂಟು ಬಿಂದು, ಪ್ರತಿ ಬಿಂದುವಿಗೆ ಎರಡು ಪಿನ್ನು: ಹದಿನಾರು ಬೇಕು. ಕಿಟ್‌ನಲ್ಲಿ ಹನ್ನೆರಡು ಮಾತ್ರ. ಇನ್ನೊಂದು ಡಬ್ಬಿ ಕೊಳ್ಳುವಾಗ ತೆಳುವಾದ, ಎರಡು ಇಂಚು ಉದ್ದದ, ಚಪ್ಪಟೆ ತಲೆಯವನ್ನೇ ನೋಡಿ. ಸಾಮಾನ್ಯ ಗುಂಡುಪಿನ್ನಿನ ತಲೆ ಉಬ್ಬಿರುವುದರಿಂದ ಅದರ ಮೇಲೆ ಸ್ಕೇಲು ಕೂರದೆ ಅಲ್ಲಾಡುತ್ತದೆ, ದಪ್ಪ ಕಾಂಡದಿಂದ ಬಟ್ಟೆ ಗುಡ್ಡೆಯಾಗುತ್ತದೆ. ಒಂದು ಪದರ ಒಂದು ನೂಲಿನಷ್ಟು ಸರಿದರೆ ಕಣ್ಣಿಗೆ ಬೀಳುವುದಿಲ್ಲ. ಇಂಚಿನ ಎಂಟನೇ ಒಂದು ಭಾಗ ಸರಿದರೆ ಷಡ್ಭುಜದ ಉಂಗುರದಲ್ಲಿ ಒಂದು ಹಲ್ಲು ಮುರಿದಂತೆ ಕಾಣುತ್ತದೆ. ಆಮೇಲೆ ಅದನ್ನು ಸರಿಪಡಿಸಲು ದಾರಿಯಿಲ್ಲ.

ಸ್ಕೇಲಿಗೆ ಬರೋಣ. 60 ಡಿಗ್ರಿ ಸ್ಕೇಲುಗಳಲ್ಲಿ ಎರಡು ಜಾತಿ: ಚೂಪು ತುದಿಯದ್ದು, ತುದಿಯನ್ನು ಕಾಲು ಇಂಚು ಕತ್ತರಿಸಿದ ಮೊಂಡು ತುದಿಯದ್ದು. ಇದು ಬರೀ ಆಕಾರದ ಭೇದವಲ್ಲ, ಲೆಕ್ಕವೇ ಬೇರೆ. ಕಾಲು ಇಂಚು ಹೊಲಿಗೆ ಮಾರ್ಜಿನ್ (ಹೊಲಿಗೆಯಾಚೆ ಅಂಚಿಗೆ ಬಿಡುವ ಬಟ್ಟೆ) ಇಟ್ಟಾಗ, ಹೊಲಿದ ತ್ರಿಕೋನದ ಎತ್ತರಕ್ಕಿಂತ ಕತ್ತರಿಸುವ ಪಟ್ಟಿ ಚೂಪು ಸ್ಕೇಲಿನಲ್ಲಿ ಮುಕ್ಕಾಲು ಇಂಚು ಹೆಚ್ಚಿರಬೇಕು, ಮೊಂಡು ಸ್ಕೇಲಿನಲ್ಲಿ ಅರ್ಧ ಇಂಚು. ಹೊಲಿದ ಮೇಲೆ 3 ಇಂಚು ಎತ್ತರ ಬೇಕಿದ್ದರೆ ಮೊದಲನೆಯದಕ್ಕೆ 3¾ ಇಂಚಿನ ಪಟ್ಟಿ, ಎರಡನೆಯದಕ್ಕೆ 3½. ಅರ್ಧ ಕ್ವಿಲ್ಟ್ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಕತ್ತರಿಸಿ ಅಳತೆ ಕೂಡದೆ ಒದ್ದಾಡುವುದು ಸಾಮಾನ್ಯವಾದ ತಪ್ಪು. ಕೆಲವು ಸ್ಕೇಲುಗಳ ಮೇಲಿನ ಅಂಕಿ ಕತ್ತರಿಸುವ ಅಳತೆ, ಕೆಲವುಗಳದ್ದು ಹೊಲಿದಾದ ಮೇಲಿನ ಅಳತೆ. ಸಂದೇಹವಿದ್ದರೆ ಸಾದಾ ಸ್ಕೇಲಿನಿಂದ ತುದಿಯಿಂದ 3ರ ಗೆರೆಯವರೆಗೆ ಅಳೆದು ನೋಡಿದರೆ ತಿಳಿಯುತ್ತದೆ.

ಹೆಚ್ಚಿನ ಕಿಟ್‌ಗಳು ಕೊಡುವುದು ಮೊಂಡು ತುದಿಯದ್ದು. ಸಾಮಾನ್ಯ ತ್ರಿಕೋನ ಕ್ವಿಲ್ಟಿಗೆ ಅದು ಅನುಕೂಲ ನಿಜ: ಹೊಲಿದ ಮೇಲೆ ಹೊರಗೆ ಇಣುಕುವ ಕಿವಿ ಇರುವುದಿಲ್ಲ. ಕೆಲಿಡೋಸ್ಕೋಪ್ ಕ್ವಿಲ್ಟಿಗೆ ಮಾತ್ರ ಚೂಪು ತುದಿಯೇ ಸರಿ. ಇಲ್ಲಿ ಒಂದು ಕಟ್ಟಿನ ಆರು ತ್ರಿಕೋನಗಳನ್ನು ಮೂರು ರೀತಿ ಜೋಡಿಸಬಹುದು, ಮೂರು ಮೂಲೆಗಳಲ್ಲಿ ಯಾವುದನ್ನಾದರೂ ನಡುವಿಗೆ ತಂದು. ಮೂರೂ ಮೂಲೆ ಒಂದೇ ತರಹ ಚೂಪಾಗಿದ್ದರೆ ಯಾವ ರೀತಿ ತಿರುಗಿಸಿದರೂ ಅಂಚಿಗೆ ಅಂಚು ಸಮ ಕೂರುತ್ತದೆ. ಒಂದು ಮೂಲೆ ಮೊಂಡಾಗಿದ್ದು ಅದು ಹೊರಗಿನ ಕಡೆಗೆ ಬಂದರೆ, ಒಂದು ತ್ರಿಕೋನದ ಮೊಂಡು ಮೂಲೆ ಪಕ್ಕದ್ದರ ಚೂಪು ಮೂಲೆಗೆ ಎದುರಾಗುತ್ತದೆ. ಅಲ್ಲಿ ತುದಿಗೆ ತುದಿ ಹೊಂದಿಸಲು ಹೋದರೆ ನಡುವೇ ತಪ್ಪುತ್ತದೆ. ಮೊಂಡು ಸ್ಕೇಲೇ ಕೈಯಲ್ಲಿದ್ದರೆ ಯಾವಾಗಲೂ ನಡುವಿನ ಮೂಲೆಯನ್ನು ಮೊದಲು ಹೊಂದಿಸಿ, ಹೊರಗಿನ ಅಂಚು ಹೇಗಾದರೂ ಇರಲಿ ಬಿಡಿ. ಸ್ಕೇಲಿನ ಹಿಂಭಾಗದಲ್ಲಿ ಜಾರದಂತೆ ಒರಟು ಚುಕ್ಕೆ ಇದೆಯೇ ನೋಡಿಕೊಳ್ಳಿ; ಆರು ಪದರದ ಮೇಲೆ ನುಣುಪು ಅಕ್ರಿಲಿಕ್ ಬಹಳ ಜಾರುತ್ತದೆ.

ಕಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಹೊರತಂದ ರೋಟರಿ ಕಟರೇ ಈ ತರಹದ ಅಟ್ಟಿ ಕತ್ತರಿಸುವಿಕೆಯನ್ನು ಮನೆಯಲ್ಲಿ ಸಾಧ್ಯವಾಗಿಸಿದ್ದು. ಕತ್ತರಿಯಿಂದ ಆರು ಪದರ ಕತ್ತರಿಸಿದರೆ ಕೆಳಗಿನದು ಸರಿದೇ ಸರಿಯುತ್ತದೆ. 45 ಮಿ.ಮೀ. ಬ್ಲೇಡು ಆರು ಪದರಕ್ಕೆ ಸಾಲುತ್ತದೆ, ಎಂಟಕ್ಕೆ 60 ಮಿ.ಮೀ. ಬೇಕು. ಹೊಸ ಕ್ವಿಲ್ಟಿಗೆ ಹೊಸ ಬ್ಲೇಡು. ಅಲ್ಲಲ್ಲಿ ಒಂದೊಂದು ನೂಲು ಕತ್ತರಿಸದೆ ಉಳಿದರೆ ಮೊಂಡಾಗಿದೆಯೆಂದು ಅರ್ಥ. ಆಗ ಒತ್ತಡ ಹೆಚ್ಚಿಸಿದರೆ ಪದರಗಳು ಸರಿಯುತ್ತವೆ. ಮ್ಯಾಟ್ ಮಾತ್ರ ಕಿಟ್‌ನ ದುರ್ಬಲ ಭಾಗ. ಎ3 ಮ್ಯಾಟಿನ ಮೇಲೆ 40 ಇಂಚಿನ ಪಟ್ಟಿ ಕತ್ತರಿಸಲು ಅಟ್ಟಿಯನ್ನು ಎರಡು ಮೂರು ಸಲ ಸರಿಸಬೇಕಾಗುತ್ತದೆ, ಪ್ರತಿ ಸಲವೂ ಹೊಂದಾಣಿಕೆ ಕೆಡುವ ಅಪಾಯ. 24×36 ಇಂಚಿನ ಮ್ಯಾಟ್ ಇಲ್ಲದಿದ್ದರೆ, ನಡುಗೆರೆಯ ಎರಡೂ ಬದಿಗೆ ಪಿನ್ನು ಮಾಡಿ ಅಟ್ಟಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿಬಿಡಿ. ಪ್ರತಿ ಪಟ್ಟಿಗೆ ಒಂದೆರಡು ತ್ರಿಕೋನ ಕಡಿಮೆಯಾಗುತ್ತದೆ, ತಲೆನೋವು ತಪ್ಪುತ್ತದೆ.

ಈಗ ಕಿಟ್ ಮುಚ್ಚಿಡುವ ಲೆಕ್ಕವೊಂದನ್ನು ಬಿಚ್ಚಿ ಹೇಳಬೇಕು. 24 ಇಂಚಿನ ಅಟ್ಟಿಯಲ್ಲಿ 3¾ ಇಂಚಿನ ಆರು ಪಟ್ಟಿ ಬರುತ್ತವೆ. ಸೆಲ್ವೇಜ್ ಕಳೆದು 40 ಇಂಚು ಉಳಿದರೆ ಸ್ಕೇಲನ್ನು ಒಮ್ಮೆ ನೆಟ್ಟಗೆ ಒಮ್ಮೆ ತಲೆಕೆಳಗೆ ಇಡುತ್ತ ಪಟ್ಟಿಗೆ 17 ಕಟ್ಟು ತ್ರಿಕೋನ ಸಿಗುತ್ತದೆ. ಒಟ್ಟು 102 ಷಡ್ಭುಜ. ಪ್ರತಿಯೊಂದು ಹೊಲಿದ ಮೇಲೆ ಎದುರುಬದುರು ಅಂಚಿನ ನಡುವೆ 6 ಇಂಚು. ಎಲ್ಲ ಸೇರಿಸಿದರೆ ಸುಮಾರು 55 ಇಂಚು ಚದರದ ಕ್ವಿಲ್ಟ್, ಅಂದರೆ ಸೋಫಾದ ಮೇಲೆ ಹೊದೆಯುವಷ್ಟು. ನಾಲ್ಕು ಗಜ ಬಟ್ಟೆಗೆ ಇಷ್ಟೇನಾ ಎನಿಸಬಹುದು. ತ್ರಿಕೋನ ಚಿಕ್ಕದಾದಷ್ಟೂ ಮಾರ್ಜಿನ್ ತಿನ್ನುವ ಪಾಲು ಹೆಚ್ಚು; ಈ ಅಳತೆಯಲ್ಲಿ ಪ್ರತಿ ತ್ರಿಕೋನದ ಸುಮಾರು ಮೂರನೇ ಒಂದು ಭಾಗ ಹೊಲಿಗೆಯೊಳಗೆ ಹೋಗುತ್ತದೆ. ಮಂಚದ ಅಳತೆಯ ಹೊದಿಕೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಅದರಲ್ಲಿ ಅಗಲವಾದ ಅಂಚುಪಟ್ಟಿಯ ಬಟ್ಟೆಯನ್ನೂ ಕೊಟ್ಟಿದ್ದಾರೆಯೇ ಎಂದು ಕೇಳಿ.

ಕತ್ತರಿಸಿದ ಪ್ರತಿ ಕಟ್ಟನ್ನೂ ತಿರುಗಿಸದೆ, ಕತ್ತರಿಸಿದ ಹಾಗೆಯೇ ಒಂದು ಪಿನ್ನಿನಿಂದ ಚುಚ್ಚಿಡಿ. ಆಮೇಲೆ ಒಂದೊಂದೇ ಕಟ್ಟು ಬಿಚ್ಚಿ ಮೂರೂ ರೀತಿ ಜೋಡಿಸಿ ನೋಡಿ. ಕಲಿಕೆಯಲ್ಲಿ ಅತಿ ಖುಷಿಯ ಘಟ್ಟ ಇದು, ಅವಸರ ಬೇಡ. ಮೂರರಲ್ಲಿ ಒಂದು ಸಾಧಾರಣವಾಗಿರುತ್ತದೆ, ಒಂದು ಪರವಾಗಿಲ್ಲ, ಒಂದು ಉಸಿರು ಬಿಗಿಹಿಡಿಯುವಂತಿರುತ್ತದೆ. ಎಲ್ಲ ಕಡೆಯೂ ಅತಿ ಆಕರ್ಷಕವಾದದ್ದನ್ನೇ ಆರಿಸಿದರೆ ಇಡೀ ಕ್ವಿಲ್ಟ್ ಗದ್ದಲವಾಗುತ್ತದೆ. ಮೆದುವಾದ, ಒಂದೇ ಬಣ್ಣದತ್ತ ವಾಲಿದ ಷಡ್ಭುಜಗಳೂ ಬೇಕು.

ಹೊಲಿಗೆಗೆ ಕಾಲು ಇಂಚಿನ ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷಿನ್ನಿನ ಪಾದ), ತೆಳು ಹತ್ತಿ ದಾರ, 2 ಮಿ.ಮೀ. ಟಾಕು. ಆರು ತ್ರಿಕೋನವನ್ನೂ ಸುತ್ತ ಹೊಲಿದು ಷಡ್ಭುಜ ಪೂರ್ತಿ ಮಾಡಬಾರದು. ಮೂರು ಮೂರು ಸೇರಿಸಿ ಎರಡು ಅರ್ಧಗಳನ್ನು ಮಾಡಿ, ಅರ್ಧಗಳನ್ನು ಒಂದು ಪಿನ್ನಿನಿಂದ ಜೊತೆಗಿಡಿ. ಷಡ್ಭುಜಗಳನ್ನು ಪೂರ್ತಿ ಮಾಡಿಬಿಟ್ಟರೆ ಅವುಗಳನ್ನು ಒಂದಕ್ಕೊಂದು ಸೇರಿಸುವಾಗ ಪ್ರತಿ ಮೂಲೆಯಲ್ಲೂ ಸೂಜಿ ನಿಲ್ಲಿಸಿ ದಿಕ್ಕು ತಿರುಗಿಸಬೇಕು. ಅರ್ಧಗಳಾಗಿ ಇಟ್ಟರೆ ಅವು ಉದ್ದನೆಯ ಕಂಬಸಾಲುಗಳಾಗಿ ಕೂಡುತ್ತವೆ, ಕೊನೆಗೆ ಸಾಲಿಗೆ ಸಾಲು ನೇರ ಹೊಲಿಗೆ. ಮೂರು ತ್ರಿಕೋನದ ಅರ್ಧವನ್ನು ಪ್ರತಿ ಸಲ ಸ್ಕೇಲಿನ ಕೆಳಗಿಟ್ಟು ನೋಡಿ: ನೇರ ಅಂಚಿನಿಂದ ಕರಾರುವಾಕ್ಕಾಗಿ ಕಾಲು ಇಂಚು ಒಳಗೆ ಹೊಲಿಗೆಗಳು ಸಂಧಿಸಬೇಕು. ಅದಕ್ಕಿಂತ ಕಡಿಮೆಯಿದ್ದರೆ ಸಾಲು ಸೇರಿಸುವಾಗ ನಡುವಿನ ತುದಿಗಳು ಹೊಲಿಗೆಯೊಳಗೆ ಹೋಗಿ ನಕ್ಷತ್ರ ಮೊಂಡಾಗುತ್ತದೆ.

ಅರ್ಧದ ಅಂಚು ನೇರವಾಗಿ ಬರದಿದ್ದರೆ ಕಾರಣ ಹುಡುಕುವುದು ಕಷ್ಟವಲ್ಲ. ಹೊಲಿಗೆ ನಡುವಿನಲ್ಲಿ ಸರಿಯಿದ್ದು ಹೊರಗಿನ ತುದಿಗೆ ಹೋಗುತ್ತ ಅಗಲವಾಗಿದ್ದರೆ ಪ್ರತಿ ತ್ರಿಕೋನ 60 ಡಿಗ್ರಿಗಿಂತ ಕಿರಿದಾಗಿ, ಷಡ್ಭುಜ ಬಟ್ಟಲಿನಂತೆ ತಗ್ಗಾಗುತ್ತದೆ. ಹೊರಗೆ ಕಿರಿದಾಗಿದ್ದರೆ ಅಂಚು ನಿರಿಗೆಗಟ್ಟುತ್ತದೆ. ಹೆಚ್ಚಾಗಿ ಇದು ಹೊಲಿಗೆ ಮುಗಿಯುವ ಹತ್ತಿರ ಬಟ್ಟೆಯನ್ನು ಬಿಟ್ಟುಬಿಡುವುದರಿಂದ ಆಗುತ್ತದೆ. ಕೊನೆಯ ಟಾಕಿನವರೆಗೂ ಬೆರಳು ಬಟ್ಟೆಯ ಮೇಲಿರಲಿ. ನೇರ ಎಳೆಯ ಅಂಚು ಓರೆ ಅಂಚಿಗೆ ಸೇರುವಾಗ ಓರೆಯದ್ದನ್ನು ಕೆಳಗಿಡಿ. ಮಿಷಿನ್ನಿನ ಹಲ್ಲುಗಳು ಅದರ ಹಿಗ್ಗನ್ನು ತಾವೇ ಒಳಗೆಳೆದುಕೊಳ್ಳುತ್ತವೆ. ಹೊಲಿಗೆಗಳನ್ನು ಒಂದು ಬದಿಗೆ ಮಡಿಸದೆ ಬಿಡಿಸಿ ಒತ್ತಿ. ಆರು ಹೊಲಿಗೆ ಸೇರುವ ನಡುವಿನಲ್ಲಿ ಮಾರ್ಜಿನ್ನಿನ ಹನ್ನೆರಡು ಪದರ ಇರುತ್ತದೆ, ಒಂದೇ ಕಡೆ ಮಡಿಸಿದರೆ ಅಲ್ಲಿ ಗುಂಡಿಯಂತೆ ಗಂಟಾಗುತ್ತದೆ.

ಜೋಡಣೆಗೆ ಗೋಡೆಯ ಮೇಲೆ, ಹತ್ತಿ ಬಟ್ಟೆಯನ್ನು ತಾನೇ ಹಿಡಿದುಕೊಳ್ಳುವ ಫ್ಲಾನಲ್ ಬಟ್ಟೆ ಬಿಗಿದು ಅದರ ಮೇಲೆ ಅರ್ಧಗಳನ್ನು ಅಂಟಿಸುತ್ತ ಹೋದರೆ ಸಾಕು. ತಿಳಿಬಣ್ಣದವನ್ನು ಒಂದು ಕಡೆಯಿಂದ ಶುರುಮಾಡಿ ಗಾಢದತ್ತ ನಿಧಾನವಾಗಿ ಹರಿಸಿ, ಆಮೇಲೆ ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ತಪ್ಪು ಜಾಗದಲ್ಲಿರುವ ಷಡ್ಭುಜ ಅದರಲ್ಲಿ ಥಟ್ಟನೆ ಕಾಣುತ್ತದೆ. ಸಾಲುಗಳನ್ನು ಸೇರಿಸುವಾಗ ಪ್ರತಿ ಷಡ್ಭುಜದ ನಡುಬಿಂದುವಿಗೂ ಪಿನ್ನು ಹಾಕಬೇಕು, ಒಂದನ್ನೂ ಬಿಡುವಂತಿಲ್ಲ. ಕೊನೆಗೆ ಮೇಲುಬಟ್ಟೆ, ಹತ್ತಿಯ ನಡುಪದರ, ಅಡಿಬಟ್ಟೆ ಸೇರಿಸಿ ಕ್ವಿಲ್ಟ್ ಹೊಲಿಗೆ ಹಾಕುವಾಗ ಆ ನಡುಬಿಂದುಗಳ ಮೇಲೆ ಹಾಯದೆ ಪಕ್ಕದಲ್ಲಿ ನೇರ ಗೆರೆಗಳನ್ನು ಹಾಕಿ. ಇಷ್ಟೊಂದು ಚಿತ್ತಾರದ ಮೇಲೆ ಅಲಂಕಾರದ ಹೊಲಿಗೆ ಹಾಕಿದರೂ ಕಾಣುವುದಿಲ್ಲ.

ಕೆಲವು ಕಿಟ್‌ಗಳಲ್ಲಿ 45 ಡಿಗ್ರಿ ಸ್ಕೇಲಿನ ಎಂಟು ಹೋಳಿನ ಮಾದರಿಯೂ ಇರುತ್ತದೆ. ಎಂಟು ರಿಪೀಟ್, ಅಂದರೆ 24 ಇಂಚಿನ ಲೆಕ್ಕದಲ್ಲಿ ಐದೂಕಾಲು ಗಜಕ್ಕೂ ಹೆಚ್ಚು ಬಟ್ಟೆ, ನಡುವಿನಲ್ಲಿ ಎಂಟು ಹೊಲಿಗೆಯ ಸಂಧಿ, ಚೌಕವಾಗಿಸಲು ಮೂಲೆಗೊಂದು ಬೇರೆ ತ್ರಿಕೋನ. ಪ್ರತಿ ಹೋಳಿನಲ್ಲಿ ಒಂದು ಡಿಗ್ರಿ ತಪ್ಪಿದರೂ ಒಟ್ಟು ಎಂಟು ಡಿಗ್ರಿ. ಮೊದಲ ಕ್ವಿಲ್ಟಿಗೆ ಇದು ಬೇಡ.

ಹೊಲಿಗೆ ಮಿಷಿನ್ನು, ದೊಡ್ಡ ಮ್ಯಾಟು, ಕಟರ್ ಮೊದಲೇ ಇರುವವರಿಗೆ ಈ ಕಿಟ್ ಅಗತ್ಯವಿಲ್ಲ. ಚೂಪು ತುದಿಯ ಸ್ಕೇಲು, ಎರಡು ಡಬ್ಬಿ ಪಿನ್ನು, ತಾವೇ ಕಿಂಡಿಯಿಟ್ಟು ನೋಡಿ ಆರಿಸಿದ ನಾಲ್ಕೂಕಾಲು ಗಜ ಬಟ್ಟೆ, ಇಷ್ಟರಲ್ಲೇ ಕಿಟ್‌ಗಿಂತ ಒಳ್ಳೆಯ ಕ್ವಿಲ್ಟ್ ಆಗುತ್ತದೆ. ಏನೂ ಇಲ್ಲದೆ ಶುರುಮಾಡುವವರು ಕಿಟ್ ಕೊಳ್ಳುವುದಾದರೆ ಬಟ್ಟೆ ಇಡಿಯ ತುಂಡಾಗಿ ಬರುವುದನ್ನೇ ಕೇಳಿ ಪಡೆಯಿರಿ. ಬಂದ ಕೂಡಲೇ ಮೂಲೆಯ 12 ಇಂಚಿನ ಜಾಗದಲ್ಲಿ ಕಿಂಡಿ ಪರೀಕ್ಷೆ ಮಾಡಿ, ಸೆಲ್ವೇಜಿನುದ್ದಕ್ಕೂ ರಿಪೀಟ್ ಎಣಿಸಿ. ಆರು ಪೂರ್ತಿ ಇಲ್ಲದಿದ್ದರೆ ಗಂಜಿ ಹಾಕುವ ಮೊದಲೇ ಹಿಂದಿರುಗಿಸಿ; ಗಂಜಿ ಬಿದ್ದ ಬಟ್ಟೆಯನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ.